ನಲವತ್ತಮೂರು

ಹದಿನಾಲ್ಕು ತಿಂಗಳಿಂದ ನನ್ನ ತೋಳು ನಲವತ್ತಮೂರು.
ಭಾನುವಾರ ಸಂಜೆ, ಒಲೆ ಆರಿದ ಮೇಲೆ,
ಅಮ್ಮನ ಹೊಲಿಗೆ ಡಬ್ಬಿಯಿಂದ ಅಳತೆಪಟ್ಟಿ ತೆಗೆದು
ಒಂದು ತುದಿ ಹಲ್ಲಲ್ಲಿ ಕಚ್ಚಿ
ತೋಳು ಮಡಚಿ, ಸುತ್ತಿ, ಜಗ್ಗುತ್ತೇನೆ:
ನಲವತ್ತಮೂರು.
ಬಾಡಿಗೆ ಕೊಡದ, ಮನೆಯೂ ಬಿಡದ
ಬಾಡಿಗೆದಾರನಂಥ ಅಂಕಿ.

ಕುತೈಸಿಯ ಈ ಬೀದಿಗೆ ಬೆಳಗಾಗುವುದು ನನ್ನ ಬ್ರೆಡ್ಡಿನಿಂದ.
ನಾಲ್ಕಕ್ಕೇ ಒಲೆಯ ಬಾಯೊಳಗೆ ಸೊಂಟದವರೆಗೆ ಬಗ್ಗಿ
ದೋಣಿಯಂತೆ ಎಳೆದ ಹಿಟ್ಟನ್ನು ಕಾದ ಗೋಡೆಗೆ ತಟ್ಟುತ್ತೇನೆ,
ಮುನ್ನೂರು ಸಲ.
ಹುಬ್ಬು ಸುಟ್ಟುಹೋಗಿ ವರ್ಷಗಳಾದವು;
ಸ್ಪರ್ಧೆಯ ದಿನ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ.

ಮಾರಬಹುದು, ತಿನ್ನುವ ಹಾಗಿಲ್ಲ.
ನನ್ನ ಪಾಲಿಗೆ ಮೊಟ್ಟೆಯ ಬಿಳಿ, ಬೇಯಿಸಿದ ಕೋಳಿಯೆದೆ,
ಉಪ್ಪು ಕಾಣದ ಬೀನ್ಸು.
ಗಿರಾಕಿಗಳು ಬಿಸಿ ತುದಿ ಮುರಿದು ಅಲ್ಲೇ ಬಾಯಿಗಿಡುವಾಗ
ನಾನು ಚಿಲ್ಲರೆ ಎಣಿಸುತ್ತೇನೆ,
ಎಣಿಸಿದ್ದನ್ನೇ ಮತ್ತೆ ಎಣಿಸುತ್ತೇನೆ.

ಮಾಡದೆ ಬಿಟ್ಟದ್ದೇನು?
ವಾರಕ್ಕೆ ಐದಿದ್ದದ್ದು ಆರಾಯಿತು, ಆರು ಏಳಾಯಿತು.
ಮುಚ್ಚಿಹೋದ ಟ್ರಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ
ಬೆಂಚಿನ ಮೇಲೆ ಮಲಗಿ ನೂರಾ ನಲವತ್ತು ಕಿಲೋ ಎತ್ತಿದರೆ
ಎದೆಯಿಂದ ಒಂದು ಗೇಣು ಏಳುತ್ತದೆ,
ಅಲ್ಲೇ ನಿಂತು ಯೋಚಿಸುತ್ತದೆ,
ಮನಸ್ಸು ಬದಲಿಸಿ ನನ್ನ ಮೇಲೇ ಮಲಗುತ್ತದೆ.
ಆಗ ನುಗ್ಜರ್ ಎರಡೇ ಬೆರಳು ತಾಗಿಸಿ ಎತ್ತಿಕೊಡುತ್ತಾನೆ.
ಆ ಎರಡು ಬೆರಳು ಮನೆವರೆಗೂ ನನ್ನ ಹಿಂದೆ ಬರುತ್ತವೆ.

ಒಂದು ಭಾನುವಾರ ಅಮ್ಮ ತಲೆಯೆತ್ತಿ ನೋಡಿದಳು,
ಬಾಯಲ್ಲಿ ಗುಂಡುಸೂಜಿ.
'ಆ ಪಟ್ಟಿಯಾ? ಅದು ನನ್ನ ಮದುವೆಗಿಂತ ಹಳೆಯದು, ಬದ್ರಿ.
ಜಗ್ಗಿ ಜಗ್ಗಿ ಉದ್ದವಾಗಿದೆ.
ಪರದೆ ಕತ್ತರಿಸುವಾಗ ಮೀಟರಿಗೆ ಒಂದು ಬೆರಳು ಬಿಡುತ್ತೇನೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.'
ಉಕ್ಕಿನ ಪಟ್ಟಿ ಸಾಲ ತಂದು ಅಳೆದೆ.
ನಲವತ್ತಮೂರೂವರೆ!
ನಾನು ಬೆಳೆದ ಹಾಗೆ ಪಟ್ಟಿಯೂ ಬೆಳೆದಿತ್ತು,
ಹಲ್ಲು ಕಚ್ಚಿ ಬೆಳೆಸಿದವನೂ ನಾನೇ.
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆದರೆ ಕಬ್ಬಿಣ ಜಗ್ಗುವುದಿಲ್ಲ.
ಮರುದಿನವೂ ಅದೇ ಗೇಣು, ಅವೇ ಎರಡು ಬೆರಳು.
ನೀರಿನ ಲೋಟ ಹಿಡಿದ ನನ್ನ ಕೈ ನಡುಗುವುದನ್ನು
ನುಗ್ಜರ್ ನೋಡುತ್ತಿದ್ದ.

'ನಾದಿದ ಹಿಟ್ಟನ್ನು ಏನು ಮಾಡುತ್ತೀ?'
'ಒದ್ದೆ ಬಟ್ಟೆ ಮುಚ್ಚಿ ಇಡುತ್ತೇನೆ.'
'ನಡುವೆ ತೆಗೆದು ಮತ್ತೆ ಮತ್ತೆ ನಾದುತ್ತೀಯಾ?'
ಉತ್ತರ ಕೊಡಲಿಲ್ಲ.
ಹದ ಗೊತ್ತಿದ್ದವನಿಗೇ ಹದದ ಪಾಠ, ಸಿಟ್ಟು ಬಂತು.
'ಒಂಬತ್ತು ದಿನ ಈ ಬಾಗಿಲು ತುಳಿಯಬೇಡ,' ಎಂದ.

ಮೊದಲ ಮೂರು ದಿನ ಕಳ್ಳನ ಹಾಗೆ ಓಡಾಡಿದೆ,
ರಿಯೋನಿ ನದಿಯ ಕಲ್ಲುಗಳ ತೂಕ ಊಹಿಸುತ್ತ.
ನಾಲ್ಕನೆಯ ದಿನ ಮಧ್ಯಾಹ್ನ
ಅಮ್ಮನ ಹೊಲಿಗೆ ಯಂತ್ರದ ಸದ್ದಿನಲ್ಲಿ ನಿದ್ದೆ ಹೋದೆ,
ಎಚ್ಚರಾದಾಗ ಕತ್ತಲು.
ಐದನೆಯ ದಿನ ತುದಿ ಮುರಿದು ತಿಂದೆ.
ಉಪ್ಪು! ನನ್ನ ಕೈಯ ಬ್ರೆಡ್ಡಿಗೆ ಇಷ್ಟು ರುಚಿ ಇದೆಯೆಂದು
ಊರಿಗೆಲ್ಲ ಗೊತ್ತಿತ್ತು.
ಆಮೇಲೆ, ಮರೆತೇಹೋಗಿದ್ದ ನೋವುಗಳು
ಒಂದೊಂದಾಗಿ ಬಂದು, ಹೆಸರು ಹೇಳಿ, ಹೋದವು.

ಹತ್ತನೆಯ ದಿನ. ಬೆಂಚು.
ಎದ್ದಿತು. ಅದೇ ಗೇಣಿನಲ್ಲಿ ನಿಂತಿತು.
ಹಳೇ ಜಾಗ, ಹಳೇ ಯೋಚನೆ.
ನುಗ್ಜರನ ಬೆರಳು ಹತ್ತಿರ ಬಂದವು,
ತಾಗಲಿಲ್ಲ.
ಬೆನ್ನಿನ ಕೆಳಗೆಲ್ಲೋ
ನಾನು ಕರೆಯದೇ ಇದ್ದ ಒಬ್ಬ ಎದ್ದು ಕೂತ,
ಮೈಮುರಿದ,
ಮೊಣಕೈ ನೆಟ್ಟಗಾಯಿತು.

ಬತೂಮಿಯ ಸ್ಪರ್ಧೆಯಲ್ಲಿ ನಾಲ್ಕನೆಯವನಾದೆ.
ದೀಪದ ಬಿಸಿಗೆ ಎಣ್ಣೆಯೊಡನೆ ಹುಬ್ಬೂ ಇಳಿಯಿತು.
ಪದಕ ಮೂವರಿಗೆ ಮಾತ್ರ.
ಅಮ್ಮ ಇನ್ನೂ ಆ ಹಳೇ ಪಟ್ಟಿಯಲ್ಲೇ ಪರದೆ ಅಳೆಯುತ್ತಾಳೆ,
ಮೀಟರಿಗೆ ಒಂದು ಬೆರಳು ಬಿಟ್ಟು.

ಭಾನುವಾರ ಸಂಜೆ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ
ಪಕ್ಕದಲ್ಲೇ ಕೂರುತ್ತೇನೆ.
ಕೈ ತುರಿಸುತ್ತದೆ ಈಗಲೂ,
ಅಂಚು ಎತ್ತಿ ಒಮ್ಮೆ ನೋಡಿಬಿಡಲು.